ಹಳೇದು ಅಂತ ‘ಕಾಸ್ಮೋಸ್’ ನಿಲ್ಲಿಸೋದು ಬೇಡ



ಶನಿವಾರ ಕೊನೇ ಪೀರಿಯಡ್‌ನಲ್ಲಿ ತೋರಿಸುತ್ತಿರುವ ‘ಕಾಸ್ಮೋಸ್’ ನಿಲ್ಲಿಸಬೇಕು ಅಂತ ನಮ್ಮ ಕ್ಲಾಸಿನಲ್ಲೇ ಕೆಲವರು ಹೇಳ್ತಾ ಇದ್ದಾರೆ. ಅದು 1980ರದ್ದು, ಆಗ ಪ್ಲೂಟೊ ಇನ್ನೂ ಗ್ರಹ, ಹಾಗೇ ಬರೆದರೆ ಮಾರ್ಕ್ಸ್ ಹೋಗುತ್ತೆ ಅನ್ನೋದು ಅವರ ವಾದ. ನನ್ನ ಅಭಿಪ್ರಾಯ ಬೇರೆ.

ಎಂಟನೇ ಕ್ಲಾಸಿನಲ್ಲಿ ಮೊದಲ ಸಲ ನೋಡಿದಾಗ ನನಗೆ ಇಂಗ್ಲಿಷ್ ಅರ್ಥವಾಗಲಿಲ್ಲ. ಎಕ್ಕದ ಕಾಯಿ ಒಡೆದು ಹಾರೋ ಬೀಜದ ಹಾಗಿನ ಆಕಾಶನೌಕೆ ಮಾತ್ರ ನೆನಪಿತ್ತು. ಈ ವರ್ಷ ಮೇಷ್ಟ್ರು ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳಿದರು. ನಾನು ನೋಟ್‌ಬುಕ್ ಇಟ್ಟುಕೊಂಡು ಕೂತೆ.

ಕಾರ್ಲ್ ಸೇಗನ್ ಅವರು ವಿಶ್ವದ ಇಡೀ ವಯಸ್ಸನ್ನು ಒಂದು ವರ್ಷದ ಕ್ಯಾಲೆಂಡರ್ ಮಾಡಿ ತೋರಿಸುತ್ತಾರೆ. ಅವರ ಲೆಕ್ಕ 1,500 ಕೋಟಿ ವರ್ಷಗಳದ್ದು. ಈಗ ವಿಜ್ಞಾನಿಗಳು ಹೇಳೋದು ಸುಮಾರು 1,380 ಕೋಟಿ. ಹಾಗಾದರೆ ಕ್ಯಾಲೆಂಡರ್ ತಪ್ಪಾಯಿತಲ್ಲ? ಮನೆಯಲ್ಲಿ ಕೂತು ಭಾಗಾಕಾರ ಮಾಡಿದೆ. ಹಳೇ ಲೆಕ್ಕದಲ್ಲಿ ಒಂದು ಸೆಕೆಂಡ್ ಅಂದರೆ ಸುಮಾರು 475 ವರ್ಷ, ಹೊಸ ಲೆಕ್ಕದಲ್ಲಿ ಸುಮಾರು 438. ಅಂದರೆ ಬಸವಣ್ಣನವರು ಬಾಳಿದ್ದು ಡಿಸೆಂಬರ್ 31ರ ರಾತ್ರಿ, ವರ್ಷ ಮುಗಿಯಲು 2 ಸೆಕೆಂಡ್ ಇರುವಾಗ! ಅಪ್ಪಾಜಿಗೆ ತೋರಿಸಿದೆ, ಅವರು ಎರಡು ಸಲ ಲೆಕ್ಕ ನೋಡಿದರು. ಈ ತಪ್ಪು ಇಲ್ಲದಿದ್ದರೆ ನಾನು ಪೆನ್ಸಿಲ್ ಹಿಡೀತಾನೇ ಇರಲಿಲ್ಲ.

ಪ್ಲೂಟೊವನ್ನು ಗ್ರಹಗಳ ಪಟ್ಟಿಯಿಂದ ತೆಗೆದದ್ದು 2006ರಲ್ಲಿ. ನಮ್ಮ ಸೂರ್ಯನಂಥ ಬೇರೆ ನಕ್ಷತ್ರಕ್ಕೆ ಗ್ರಹ ಇದೆ ಅಂತ ಗೊತ್ತಾದದ್ದು 1995ರಲ್ಲಿ. ಈಗ ಅಂಥ ಹೊರಗ್ರಹಗಳು 5,000ಕ್ಕೂ ಹೆಚ್ಚು. ಸೇಗನ್ ಅವರೇ ಹತ್ತು ವರ್ಷಗಳ ನಂತರ ಕೆಲವು ಕಂತುಗಳ ಕೊನೆಗೆ ಹೊಸ ವಿಷಯ ಸೇರಿಸಿದ್ದರು. ಅವರು 1996ರಲ್ಲಿ ತೀರಿಕೊಂಡರು. ಆಮೇಲಿನ ತಿದ್ದುಪಡಿಗಳನ್ನು ನಾವು ಒಂದು ಚಾರ್ಟಿನಲ್ಲಿ ಬರೆದು ಟಿ.ವಿ. ಪಕ್ಕ ಅಂಟಿಸಬಹುದಲ್ಲ? ನಿಲ್ಲಿಸೋದು ಯಾಕೆ?

ಇನ್ನು ಹಳೇದಾಗದ ವಿಷಯವೂ ಇದೆ. ಮೊದಲ ಕಂತಿನಲ್ಲೇ ಎರಟೋಸ್ಥನೀಸ್ ಕಥೆ ಬರುತ್ತೆ. ಸುಮಾರು 2,200 ವರ್ಷಗಳ ಹಿಂದೆ, ಈಜಿಪ್ಟಿನ ಸಯೀನ್ ಊರಲ್ಲಿ ಜೂನ್ 21ರ ನಡುಹಗಲು ಕೋಲಿಗೆ ನೆರಳಿಲ್ಲ, ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯಾದಲ್ಲಿ ನೆರಳಿದೆ. ಕೋನ ಸುಮಾರು 7 ಡಿಗ್ರಿ, ಅಂದರೆ ವೃತ್ತದ 50ರಲ್ಲಿ ಒಂದು ಪಾಲು. ಎರಡೂ ಊರಿಗೆ 800 ಕಿ.ಮೀ. ಅಂತಿಟ್ಟು 50ರಿಂದ ಗುಣಿಸಿದರೆ ಭೂಮಿಯ ಸುತ್ತಳತೆ 40,000 ಕಿ.ಮೀ. ಒಂದು ಕೋಲು, ಅಷ್ಟೇ!

ನಮ್ಮೂರಲ್ಲೂ ವರ್ಷಕ್ಕೆ ಎರಡು ದಿನ ನೆರಳು ಮಾಯವಾಗುತ್ತೆ, ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವಿಗೊಮ್ಮೆ. ಏಪ್ರಿಲ್‌ನಲ್ಲಿ ರಜೆ. ಆಗಸ್ಟ್‌ನಲ್ಲಿ ಮೋಡ ಇರದಿದ್ದರೆ ಮೈದಾನದಲ್ಲಿ ನೋಡಬಹುದು. ಸರಿಯಾಗಿ 12 ಗಂಟೆಗಲ್ಲ, 12.25ರಿಂದ 12.30ರ ಹೊತ್ತಿಗೆ. ಅದೇ ದಿನ ಕಲಬುರಗಿ ಕಡೆಯ ಒಂದು ಶಾಲೆಯವರು ತಮ್ಮ ಕೋಲಿನ ನೆರಳು ಅಳೆದು ಫೋನಿನಲ್ಲಿ ತಿಳಿಸಿದರೆ ಭೂಮಿಯ ಅಳತೆ ನಮಗೂ ಸಿಗುತ್ತೆ. ಅಲ್ಲಿ ಪರಿಚಯ ಇರುವ ಗುರುಗಳು ದಯವಿಟ್ಟು ಕೇಳಬೇಕು. ಕೋಲು ನಾನು ತರುತ್ತೇನೆ.

– ಹತ್ತನೇ ತರಗತಿ, ‘ಬಿ’ ವಿಭಾಗ