ಗಾಳಿಯ ಬೆಲೆ, ಹೊತ್ತಿನ ಬೆಲೆ

ಪುಣೆಯ ಪೂರ್ವದಂಚಿನಲ್ಲಿ, ಮುಳಾ-ಮುಠಾ ನದಿಯ ಉತ್ತರ ದಂಡೆಯಲ್ಲಿರುವ ಖರಾಡಿಯ ಇಯಾನ್ ಐಟಿ ಪಾರ್ಕಿನಂಥ ಕಚೇರಿ ಸಮುಚ್ಚಯಗಳಿಗೆ ಹಗಲಿರುಳೆನ್ನದೆ ವಿದ್ಯುತ್ ಬೇಕು. ನದಿಯ ಆಚೆ ದಂಡೆಯ ಹಡಪ್ಸರದಲ್ಲಿ, 1995ರಲ್ಲಿ ತುಳಸಿ ತಾಂತಿ ಸ್ಥಾಪಿಸಿದ ಸುಜ್ಲಾನ್ ಎಂಬ ಗಾಳಿಯಂತ್ರ ತಯಾರಿಕಾ ಸಂಸ್ಥೆಯ ಕೇಂದ್ರ ಕಚೇರಿ ಇದೆ. ಹೀಗೆ ಬಳಕೆದಾರರೂ ಯಂತ್ರ ತಯಾರಕರೂ ಒಂದೇ ನದಿಯ ಎರಡು ದಂಡೆಗಳಲ್ಲಿದ್ದರೂ, ಆ ಯಂತ್ರಗಳನ್ನು ಲಾಭಕರವಾಗಿ ತಿರುಗಿಸಬಲ್ಲ ಗಾಳಿ ಇರುವುದು ದೂರದ ಸಾತಾರಾ ಜಿಲ್ಲೆಯ ಎತ್ತರದ ಬಯಲುಗಳಲ್ಲಿ, ಚಿತ್ರದುರ್ಗ ಮತ್ತು ಗದಗದ ಗುಡ್ಡಸಾಲುಗಳಲ್ಲಿ. ಪವನ ವಿದ್ಯುತ್ತಿನ ಅರ್ಥಶಾಸ್ತ್ರವನ್ನು ತಿಳಿಯಬೇಕಾದರೆ ಈ ಅಂತರದಿಂದಲೇ ತೊಡಗಬೇಕು. ಏಕೆಂದರೆ ಗಾಳಿ ಬಿಟ್ಟಿಯಾಗಿ ದೊರೆತರೂ ಅದು ಬೇಕಾದ ಕಡೆ ಬೀಸುವುದಿಲ್ಲ, ಬೇಕಾದ ಹೊತ್ತಿಗೂ ಬೀಸುವುದಿಲ್ಲ.

ಸ್ಥಳಕ್ಕೆ ಇಷ್ಟೊಂದು ಮಹತ್ವ ಬರಲು ಭೌತಶಾಸ್ತ್ರದ ಒಂದು ನಿಯಮ ಕಾರಣ. ಬೀಸುವ ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟಾಗುತ್ತದೆ. ಸೆಕೆಂಡಿಗೆ 5 ಮೀಟರಿದ್ದ ಗಾಳಿ 6 ಮೀಟರಾದರೆ ಶಕ್ತಿ ಶೇಕಡಾ 73ರಷ್ಟು ಹೆಚ್ಚುತ್ತದೆ. ಆ ಶಕ್ತಿಯನ್ನೆಲ್ಲ ಹಿಡಿಯಲು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಗರಿಷ್ಠ ಶೇಕಡಾ 59ರಷ್ಟನ್ನು ಮಾತ್ರ ಹಿಡಿಯಬಹುದೆಂದು ಜರ್ಮನಿಯ ವಿಜ್ಞಾನಿ ಆಲ್ಬರ್ಟ್ ಬೆಟ್ಜ್ 1919ರಲ್ಲಿ ತೋರಿಸಿದರು. ನೆಲದಿಂದ ಮೇಲೇರಿದಂತೆ ಮರ, ಕಟ್ಟಡ, ದಿಬ್ಬಗಳ ತಡೆ ಕಡಿಮೆಯಾಗಿ ಗಾಳಿಯ ವೇಗ ಹೆಚ್ಚುವುದರಿಂದ ಕಂಬದ ಎತ್ತರವೂ ಆದಾಯದ ಲೆಕ್ಕಕ್ಕೆ ಸೇರುತ್ತದೆ. ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯ ಅಂದಾಜಿನಂತೆ ಕರ್ನಾಟಕದ ಪವನ ಸಾಮರ್ಥ್ಯ 120 ಮೀಟರ್ ಎತ್ತರದಲ್ಲಿ ಸುಮಾರು 124 ಗಿಗಾವ್ಯಾಟ್ ಆಗಿದ್ದರೆ 150 ಮೀಟರ್ ಎತ್ತರದಲ್ಲಿ ಸುಮಾರು 169 ಗಿಗಾವ್ಯಾಟ್ ಆಗುತ್ತದೆ.

ಕಲ್ಲಿದ್ದಲಿನ ಸ್ಥಾವರದಲ್ಲಿ ಇಂಧನದ ಖರ್ಚು ದಿನದಿನವೂ ಬರುತ್ತದೆ. ಗಾಳಿಯಂತ್ರದಲ್ಲಾದರೋ ಬಹುಪಾಲು ಖರ್ಚು ಮೊದಲ ದಿನವೇ ಆಗಿಹೋಗುತ್ತದೆ. ಉಳಿಯುವುದು ಸಾಲದ ಕಂತು ಮತ್ತು ನಿರ್ವಹಣೆ ಮಾತ್ರ. ಲೆಕ್ಕದ ಅನುಕೂಲಕ್ಕಾಗಿ ಒಂದು ಮೆಗಾವ್ಯಾಟ್ ಯಂತ್ರಕ್ಕೆ 7 ಕೋಟಿ ರೂಪಾಯಿ ಬಂಡವಾಳ ತಗಲುತ್ತದೆಂದೂ, ವರ್ಷವಿಡೀ ಪೂರ್ಣ ಬಲದಲ್ಲಿ ಓಡಿದರೆ ಬರಬಹುದಾದ ವಿದ್ಯುತ್ತಿನ ಶೇಕಡಾ 30ರಷ್ಟು ಅದರಿಂದ ದೊರೆಯುತ್ತದೆಂದೂ ಇಟ್ಟುಕೊಳ್ಳೋಣ. ಆಗ ವರ್ಷಕ್ಕೆ ಸುಮಾರು 26 ಲಕ್ಷ ಯೂನಿಟ್ ಉತ್ಪಾದನೆಯಾಗುತ್ತದೆ. ಬಂಡವಾಳವನ್ನು ಶೇಕಡಾ 9ರ ಬಡ್ಡಿಯಲ್ಲಿ 20 ವರ್ಷಗಳ ಕಂತುಗಳಲ್ಲಿ ತೀರಿಸಿದರೆ, ನಿರ್ವಹಣೆಯನ್ನು ಬಿಟ್ಟು, ಯೂನಿಟ್ಟಿಗೆ 2 ರೂಪಾಯಿ 90 ಪೈಸೆಯಷ್ಟು ಬೀಳುತ್ತದೆ. ಬಡ್ಡಿ ಶೇಕಡಾ 12 ಆದರೆ ಅದು ಮೂರೂವರೆ ರೂಪಾಯಿ ದಾಟುತ್ತದೆ. ಬಡ್ಡಿ ಶೇಕಡಾ 9ರಲ್ಲೇ ಉಳಿದು ಗಾಳಿ ದುರ್ಬಲವಾಗಿ ಉತ್ಪಾದನೆ ಶೇಕಡಾ 25ಕ್ಕೆ ಇಳಿದರೂ ಬೆಲೆ ಅಲ್ಲಿಗೇ ಏರುತ್ತದೆ. ಎಂದರೆ ಈ ಉದ್ಯಮದ ಲಾಭನಷ್ಟವನ್ನು ನಿರ್ಧರಿಸುವಲ್ಲಿ ಯಂತ್ರದ ಬೆಲೆಯಷ್ಟೇ ಪಾಲು ಬ್ಯಾಂಕಿನ ಬಡ್ಡಿಗೂ ಸ್ಥಳದ ಆಯ್ಕೆಗೂ ಇದೆ.

ಇಂಥ ಉದ್ಯಮವನ್ನು ಬೆಳೆಸಲು ಸರ್ಕಾರ ಮೊದಲು ಹಿಡಿದ ದಾರಿ ತೆರಿಗೆ ರಿಯಾಯಿತಿಯದು. ಯಂತ್ರದ ಬೆಲೆಯ ಬಹುಭಾಗವನ್ನು ಆರಂಭದ ವರ್ಷದಲ್ಲೇ ಸವಕಳಿಯೆಂದು ತೋರಿಸಿ ಆದಾಯ ತೆರಿಗೆಯನ್ನು ತಗ್ಗಿಸಿಕೊಳ್ಳಲು 1990ರ ದಶಕದಲ್ಲಿ ಅವಕಾಶವಿತ್ತು. ಇದರಿಂದ ದೇಶದಲ್ಲಿ ಒಂದು ಹೊಸ ಉದ್ಯಮವೇ ಹುಟ್ಟಿತೆಂಬುದು ನಿಜ. ಆದರೆ ಲಾಭ ಯಂತ್ರವನ್ನು ನಿಲ್ಲಿಸುವುದಕ್ಕೆ ದೊರೆಯಿತೇ ಹೊರತು ಅದು ಉತ್ಪಾದಿಸಿದ ವಿದ್ಯುತ್ತಿಗೆ ದೊರೆಯಲಿಲ್ಲ. ಈ ಕೊರತೆಯನ್ನು ತುಂಬಲು 2009ರಲ್ಲಿ ಉತ್ಪಾದನೆಯಾದ ಪ್ರತಿ ಯೂನಿಟ್ಟಿಗೆ 50 ಪೈಸೆ ಪ್ರೋತ್ಸಾಹಧನ ಕೊಡುವ ಯೋಜನೆ ಬಂತು. 2017ರಲ್ಲಿ ಹರಾಜು ಪದ್ಧತಿ ಜಾರಿಯಾಗಿ, ಫೆಬ್ರವರಿಯ ಮೊದಲ ಹರಾಜಿನಲ್ಲಿ ದರ 3 ರೂಪಾಯಿ 46 ಪೈಸೆಗೂ ಆ ವರ್ಷದ ಕೊನೆಗೆ ಗುಜರಾತಿನಲ್ಲಿ 2 ರೂಪಾಯಿ 43 ಪೈಸೆಗೂ ಇಳಿಯಿತು. ಗ್ರಾಹಕನಿಗೆ ಇದು ಸಂತಸದ ಸುದ್ದಿಯೇ ಆದರೂ ಎಲ್ಲರ ಕಣ್ಣು ಅತಿ ಕಡಿಮೆ ದರವೆಂಬ ಒಂದೇ ಅಂಕಿಯ ಮೇಲೆ ನೆಟ್ಟಿತು. ಆ ಯೂನಿಟ್ ಯಾವ ಹೊತ್ತಿಗೆ ಬರುತ್ತದೆಂಬ ಪ್ರಶ್ನೆ ಹಿಂದೆ ಸರಿಯಿತು.

ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಈ ಪ್ರಶ್ನೆಗೆ ಉತ್ತರ ನೀಡುವುದು ಮುಂಗಾರು. ವರ್ಷದ ಪವನ ವಿದ್ಯುತ್ತಿನ ಬಹುಪಾಲು ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ, ನೈಋತ್ಯ ಮಾರುತ ಬೀಸುವ ಕಾಲದಲ್ಲಿ ಹುಟ್ಟುತ್ತದೆ. ಖರಾಡಿಯ ಕಚೇರಿಯೊಂದು ಸಾತಾರಾದ ಉತ್ಪಾದಕನಿಂದ ನೇರವಾಗಿ ವಿದ್ಯುತ್ ಕೊಳ್ಳಲು ಬಯಸಿದರೆ ಅದಕ್ಕೆ ಮುಕ್ತ ಪ್ರವೇಶವೆಂಬ ವ್ಯವಸ್ಥೆಯಿದೆ. 2022ರ ಕೇಂದ್ರ ನಿಯಮಗಳು ಅದರ ಕನಿಷ್ಠ ಮಿತಿಯನ್ನು 1 ಮೆಗಾವ್ಯಾಟ್‌ನಿಂದ 100 ಕಿಲೋವ್ಯಾಟ್‌ಗೆ ಇಳಿಸಿ, ಬಳಸದೆ ಉಳಿದ ಯೂನಿಟ್‌ಗಳನ್ನು ಗ್ರಿಡ್ಡಿನಲ್ಲಿ ಠೇವಣಿಯಿಟ್ಟು ಮುಂದೆ ಪಡೆಯುವ ಬ್ಯಾಂಕಿಂಗ್ ಸೌಲಭ್ಯವನ್ನು ಕನಿಷ್ಠ ತಿಂಗಳ ಲೆಕ್ಕದಲ್ಲಾದರೂ ಕೊಡಬೇಕೆಂದವು. ಆದರೆ ತಿಂಗಳ ಲೆಕ್ಕದಲ್ಲಿ ಜುಲೈನ ಗಾಳಿ ಮಾರ್ಚಿನ ಸೆಕೆಗೆ ಒದಗದು. ಇಡೀ ವರ್ಷಕ್ಕೆ ಠೇವಣಿಯಿಡಲು ಬಿಟ್ಟರೆ, ಅಗ್ಗದ ಕಾಲದಲ್ಲಿ ಪಡೆದ ಯೂನಿಟ್ಟನ್ನು ತುಟ್ಟಿಯ ಕಾಲದಲ್ಲಿ ಹಿಂದಿರುಗಿಸುವ ಹೊರೆ ವಿದ್ಯುತ್ ಸರಬರಾಜು ಕಂಪನಿಯ ಮೇಲೆ, ಕೊನೆಗೆ ಸಾಮಾನ್ಯ ಗ್ರಾಹಕನ ಮೇಲೆ ಬೀಳುತ್ತದೆ.

ಈ ಇಕ್ಕಟ್ಟಿಗೆ ಪರಿಹಾರದ ಒಂದು ಭಾಗ ಈ ಎರಡು ರಾಜ್ಯಗಳ ಭೂಗೋಳದಲ್ಲೇ ಇದೆ. ಮೋಡ ಕವಿದು ಪಾವಗಡದಂಥ ಸೌರ ಪಾರ್ಕುಗಳ ಉತ್ಪಾದನೆ ತಗ್ಗುವ ಮಳೆಗಾಲದಲ್ಲೇ ಗಾಳಿ ಬಲವಾಗಿ ಬೀಸುತ್ತದೆ. ಸೂರ್ಯ ಮುಳುಗಿದ ಮೇಲೂ ಅದು ನಿಲ್ಲುವುದಿಲ್ಲ. ಆ ತಿಂಗಳುಗಳಲ್ಲಿ ಗಾಳಿಯಿಂದ ಬಂದ ವಿದ್ಯುತ್ತನ್ನು ಮೊದಲು ಬಳಸಿಕೊಂಡರೆ ಶರಾವತಿಯ ಲಿಂಗನಮಕ್ಕಿ ಜಲಾಶಯದಲ್ಲೂ ಸಾತಾರಾದ ಕೊಯ್ನಾ ಜಲಾಶಯದಲ್ಲೂ ಅಷ್ಟು ನೀರನ್ನು ಬೇಸಿಗೆಗೆಂದು ಉಳಿಸಬಹುದು. ಮಳೆಗಾಲದ ಗಾಳಿಯನ್ನು ಬೇಸಿಗೆಯ ವಿದ್ಯುತ್ತಾಗಿ ಮಾರ್ಪಡಿಸುವ ಈ ದಾರಿಗೆ ಬೇಕಾದ ಅಣೆಕಟ್ಟುಗಳು ಈಗಾಗಲೇ ಇವೆ. ಜಲಾಶಯ ಭರ್ತಿಯಾಗಿ ತುಂಬಿ ಹರಿಯುವ ವಾರಗಳಲ್ಲಿ ಈ ಉಪಾಯ ನಡೆಯದು. ಉಳಿದ ಕಾಲದಲ್ಲಿ ಜಲವಿದ್ಯುತ್ತನ್ನೂ ಪವನ ವಿದ್ಯುತ್ತನ್ನೂ ಒಂದೇ ವೇಳಾಪಟ್ಟಿಯಲ್ಲಿ ನಡೆಸಿದರೆ ಅದರ ಪ್ರಯೋಜನ ದೊಡ್ಡದು.

ಇನ್ನು ಉಳಿದದ್ದು ನೆಲದ ಲೆಕ್ಕ. ಸಾತಾರಾದ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಥಾಕರ್ ಮತ್ತು ಸಂಗಡಿಗರು ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಾಳಿಯಂತ್ರಗಳಿರುವ ಕಡೆ ಬೇಟೆಗಾರ ಹಕ್ಕಿಗಳು ಕಡಿಮೆಯಾಗಿ ಅವುಗಳಿಗೆ ಆಹಾರವಾಗುವ ಹಲ್ಲಿಗಳ ಸಂಖ್ಯೆ ಹೆಚ್ಚಿತ್ತು. ಹೊಗೆಯುಗುಳದ ಯಂತ್ರವೂ ತನ್ನ ಸುತ್ತಲಿನ ಜೀವಜಾಲವನ್ನು ಬದಲಿಸುತ್ತದೆ ಎಂಬುದಕ್ಕೆ ಇದು ಸ್ಪಷ್ಟ ಪುರಾವೆ. ಗದಗದ ಕಪ್ಪತಗುಡ್ಡ ಗಾಳಿಗೂ ಔಷಧೀಯ ಸಸ್ಯಗಳಿಗೂ ಸಮಾನವಾಗಿ ಹೆಸರಾದ ಬೆಟ್ಟಸಾಲು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಇಂಥ ಕಡೆ ಹೊಸ ರಸ್ತೆ ಕಡಿದು ಹೊಸ ಕಂಬ ನೆಡುವ ಖರ್ಚು ಯಾವ ಹರಾಜಿನ ದರದಲ್ಲೂ ಕಾಣುವುದಿಲ್ಲ.

ಆದ್ದರಿಂದ ಮೊದಲು ಆಗಬೇಕಾದ ಕೆಲಸ ಹಳೆಯ ತಾಣಗಳನ್ನು ಮತ್ತೆ ಚೆನ್ನಾಗಿ ಬಳಸುವುದು. ಕೊಯ್ನಾ ಜಲಾಶಯದ ಮೇಲಣ ವಾಂಕುಸವಡೆಯಲ್ಲಿ, ದೇಶದ ಉತ್ತಮ ಗಾಳಿಯ ತಾಣಗಳಲ್ಲೊಂದರಲ್ಲಿ, ನಿಂತವು 350 ಕಿಲೋವ್ಯಾಟಿನಂಥ ಚಿಕ್ಕ ಯಂತ್ರಗಳು. ಇಂದಿನ ಒಂದೇ ಯಂತ್ರ 3 ಮೆಗಾವ್ಯಾಟ್ ಮೀರುತ್ತದೆ. ಹಳೆಯದನ್ನು ಕಿತ್ತು ಹೊಸದನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2016ರಲ್ಲಿ ನೀತಿ ರೂಪಿಸಿ 2023ರಲ್ಲಿ ಪರಿಷ್ಕರಿಸಿತು. ಒಂದೇ ಬೆಟ್ಟದಲ್ಲಿ ಹಲವು ಸಣ್ಣ ಹೂಡಿಕೆದಾರರ ಒಡೆತನ ಹಂಚಿಹೋಗಿರುವುದು ಇದಕ್ಕೆ ದೊಡ್ಡ ತೊಡಕು. ಅವರನ್ನು ಒಂದು ಒಪ್ಪಂದದಡಿ ತಂದು ಆದಾಯದಲ್ಲಿ ಪಾಲು ನೀಡುವ ವ್ಯವಸ್ಥೆಯನ್ನು ರಾಜ್ಯಗಳೇ ಕಟ್ಟಿಕೊಡಬೇಕು, ಆ ಪಾಲಿನ ಒಂದಂಶ ಗಾಳಿಯ ಬೆಟ್ಟದಡಿಯ ಹಳ್ಳಿಗಳಿಗೂ ಸಲ್ಲಬೇಕು. ಭಾರತದ ಪವನ ಸಾಮರ್ಥ್ಯ 2025ರ ಮಾರ್ಚಿನಲ್ಲಿ 50 ಗಿಗಾವ್ಯಾಟ್ ದಾಟಿದೆ. ಆ ಆರ್ಥಿಕ ವರ್ಷದಲ್ಲಿ ಅತಿ ಹೆಚ್ಚು ಹೊಸ ಸಾಮರ್ಥ್ಯ ಸೇರಿಸಿದ ರಾಜ್ಯ ಕರ್ನಾಟಕ. ನಿಂತ ಕಂಬಗಳನ್ನು ಎಣಿಸುವ ಹಂತ ಇಲ್ಲಿಗೆ ಮುಗಿಯಿತು. ಕೊರತೆಯ ಹೊತ್ತಿನಲ್ಲಿ ಒದಗಿ ಬಂದ ಯೂನಿಟ್ಟಿಗೆ ಹೆಚ್ಚು ಬೆಲೆ, ಕೆಡದೆ ಉಳಿದ ನೆಲಕ್ಕೆ ತಕ್ಕ ಮನ್ನಣೆ ಕೊಡುವ ಲೆಕ್ಕವನ್ನು ವಿದ್ಯುತ್ ನಿಯಂತ್ರಣ ಆಯೋಗಗಳು ಇನ್ನಾದರೂ ಆರಂಭಿಸಬೇಕು.