ಸುರಪುರ ಎಂದು ಹುಡುಕಿದರೆ ಸಿಗದ ಸುರಪುರ

ಡಿಜಿಟಲ್ ಗ್ರಂಥಾಲಯದ ಮಾನ್ಯ ನಿರ್ದೇಶಕರಿಗೆ ಸುರಪುರದ ಓದುಗನೊಬ್ಬನ ನಮಸ್ಕಾರಗಳು.

ತಮ್ಮದು ಮುಕ್ತ ತಂತ್ರಾಂಶ, ಯಾರು ಬೇಕಾದರೂ ತಿದ್ದಬಹುದು ಎಂದು ತಾವು ಹೇಳಿದ್ದನ್ನು ನಂಬಿ, ಊರಿನ ಹೆಸರಿನಲ್ಲಿ ಪುಸ್ತಕ ಹುಡುಕುವ ಫಿಲ್ಟರ್ ಸರಿಯಿಲ್ಲವೆಂದು ಮೊದಲು ಮೇಲ್ ಬರೆದೆವು, ಆಮೇಲೆ ತಮ್ಮ ಸಿಬ್ಬಂದಿಯನ್ನು ಕಂಡೆವು. ಕಲಬುರಗಿಯ ಕಾರ್ಯಾಗಾರದಲ್ಲಿ ಎಲ್ಲರ ಎದುರು ತಾವೇ, "ಊರುಗಳ ಹೆಸರಿನ ಪಟ್ಟಿ ಮಾಡಿಕೊಡಿ, ಮುಂದಿನ ಆವೃತ್ತಿಯಲ್ಲಿ ಫಿಲ್ಟರ್ ಸರಿಹೋಗುತ್ತದೆ" ಎಂದಿರಿ. ಯಾದಗಿರಿ, ಶಹಾಪುರ, ಸುರಪುರದ ಗೆಳೆಯರು ಕೂತು ಪಟ್ಟಿ ಮಾಡಿ ಕೊಟ್ಟೆವು. ಹೊಸ ಆವೃತ್ತಿ ಬಂದಿದೆ. ಬಣ್ಣ ಬದಲಾಗಿದೆ.

ಸ್ಥಳದ ಪಟ್ಟಿಯಲ್ಲಿ ಈಗಲೂ ಸುರಪುರ ಬೇರೆ, ಅದರದೇ ಇನ್ನೊಂದು ಹೆಸರಾದ ಶೋರಾಪುರ ಬೇರೆ. ಒಂದಕ್ಕೆ ಗುರುತು ಹಾಕಿದರೆ ಒಂದಿಷ್ಟು ಪುಸ್ತಕ, ಇನ್ನೊಂದಕ್ಕೆ ಹಾಕಿದರೆ ಇನ್ನೊಂದಿಷ್ಟು. ಎರಡಕ್ಕೂ ಹಾಕಿದರೆ ಸೊನ್ನೆ! ಎರಡೂ ಹೆಸರು ಒಟ್ಟಿಗೆ ಇರುವ ಪುಸ್ತಕವೇ ಬೇಕೆಂದು ತಮ್ಮ ಫಿಲ್ಟರ್ ಹಟ ಹಿಡಿಯುತ್ತದೆ. ಸ್ಥಳಕ್ಕೂ ಇಸವಿಗೂ ನಡುವೆ 'ಮತ್ತು' ಇರಲಿ, ಸರಿ. ಒಂದೇ ಪಟ್ಟಿಯ ಎರಡು ಊರುಗಳ ನಡುವೆ 'ಅಥವಾ' ಅಲ್ಲವೇ ಇರಬೇಕಾದ್ದು? ನಮ್ಮ ಸುರಪುರದ ದೊರೆ ವೆಂಕಟಪ್ಪ ನಾಯಕನ 1858ರ ಬಂಡಾಯದ ಬಗ್ಗೆ ಓದಹೊರಟ ವಿದ್ಯಾರ್ಥಿ ಸುರಪುರ ಒತ್ತುತ್ತಾನೆ. ಆ ದೊರೆಯ ಬಾಲ್ಯದಲ್ಲಿ ಸಂಸ್ಥಾನ ನೋಡಿಕೊಂಡ ಮೆಡೋಸ್ ಟೇಲರ್‌ನ ಆತ್ಮಕಥೆ ಅವನಿಗೆ ಕಾಣುವುದೇ ಇಲ್ಲ. 1877ರ ಆ ಪುಸ್ತಕ ಶೋರಾಪುರದ ಕೆಳಗಿದೆ.

ಜಿಲ್ಲೆಯ ಫಿಲ್ಟರ್ ಇನ್ನೂ ಮಜಾ. ನಮ್ಮ ಯಾದಗಿರಿ ಜಿಲ್ಲೆಯಾದದ್ದು 2010ರಲ್ಲಿ. ಅದಕ್ಕೆ ಮುಂಚಿನ ಪುಸ್ತಕವೆಲ್ಲ ಗುಲಬರ್ಗಾದ ಕೆಳಗೆ, ಅದಕ್ಕೂ ಹಿಂದಿನವು ಹೈದರಾಬಾದ್‌ನ ಕೆಳಗೆ. ಯಾದಗಿರಿ ಒತ್ತಿದವನಿಗೆ ನಮ್ಮ ಚರಿತ್ರೆ ಮೊನ್ನೆ ಮೊನ್ನೆ ಶುರುವಾಗುತ್ತದೆ. ನಮ್ಮ ಶಹಾಪುರ ಬೇಕೆಂದು ಒತ್ತಿದರೆ ಬೆಳಗಾವಿಯ ಶಹಾಪುರದ ಸೀರೆ ಬರುತ್ತದೆ.

ನಮ್ಮ ಪಟ್ಟಿಯಲ್ಲಿ ಇದಕ್ಕೆಲ್ಲ ಉತ್ತರವಿತ್ತು. ಪ್ರತಿ ಊರಿಗೂ ಒಂದೇ ಸಂಖ್ಯೆ, ಆ ಸಂಖ್ಯೆಗೆ ಅದರ ಹಳೆಯ ಹೊಸ ಹೆಸರುಗಳೆಲ್ಲ ಜೋಡಣೆ. ಹುಣಸಗಿ, ವಡಗೇರಾ, ಗುರುಮಠಕಲ್ ಎಂಬ ಹೊಸ ತಾಲ್ಲೂಕುಗಳಿಗೆ ಹಳೆಯ ತಾಲ್ಲೂಕಿನ ಕೊಂಡಿ. ಬೋನಾಳ ಎಂಬ ಊರಿನ 'ಬೋ'ಗೆ ಹತ್ತುವ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ನಿಮ್ಮ ಯಂತ್ರಕ್ಕೆ ಎರಡು ಊರು. ಸೂಚಿ ಕಟ್ಟುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರಬೇಕೆಂದೂ ಬರೆದಿದ್ದೆವು. ನಿಮ್ಮ ಕಚೇರಿಯಿಂದ ಬಂದ ಉತ್ತರ ಒಂದೇ ಸಾಲು: "ಬಳಕೆದಾರರು ಸರಿಯಾದ ಕಾಗುಣಿತವನ್ನು ಬಳಸತಕ್ಕದ್ದು."

ಯಾವುದು ಸ್ವಾಮೀ ಸರಿಯಾದದ್ದು? 2014ರಲ್ಲಿ ಗುಲಬರ್ಗಾವನ್ನು ಕಲಬುರಗಿ ಮಾಡಿದವರು ಯಾರು? 2019ರಲ್ಲಿ ಹೈದರಾಬಾದ್ ಕರ್ನಾಟಕವನ್ನು ಕಲ್ಯಾಣ ಕರ್ನಾಟಕ ಮಾಡಿದವರು ಯಾರು? ಹೆಸರು ಬದಲಿಸುವುದು ಸರ್ಕಾರ, ಕಾಗುಣಿತದ ಪರೀಕ್ಷೆ ನಮಗೆ! ರಸ್ತೆ, ನೀರು, ಮೇಷ್ಟ್ರುಗಳ ಹುದ್ದೆ, ಎಲ್ಲದರಲ್ಲೂ ನಮ್ಮ ಭಾಗಕ್ಕೆ 'ಮುಂದಿನ ಸಲ' ಎಂಬ ಮಾತು ರೂಢಿಯಾಗಿದೆ. ಕಾಸು ಖರ್ಚಿಲ್ಲದ ಈ ಕೆಲಸಕ್ಕೂ ಅದೇ ಮಾತೇ?

ನಮ್ಮ ಪಟ್ಟಿ ಕಳೆದುಹೋಗಿದ್ದರೆ ಹೇಳಿ, ಇನ್ನೊಂದು ಪ್ರತಿ ಇದೆ. ತಿದ್ದಲು ಜನ ಇಲ್ಲದಿದ್ದರೆ ನಮ್ಮ ಹುಡುಗರೇ ಬರೆದುಕೊಡುತ್ತಾರೆ. ಮುಕ್ತ ಎನ್ನುವ ಆ ಮೂಲ ಕೋಡ್ ಎಲ್ಲಿದೆ, ತಿದ್ದುಪಡಿಯನ್ನು ಯಾರು ನೋಡುತ್ತಾರೆ ಎಂಬುದನ್ನಾದರೂ ತಿಳಿಸಿ. ಉತ್ತರ ಲಿಖಿತವಾಗಿ, ತಾರೀಖಿನ ಸಮೇತ ಬೇಕು.

ಇತಿ,
ಸುರಪುರದ ಓದುಗ