ಮನವಿ ಬರೆಯುವ ಮೊದಲು ಕಾನೂನಿನ ಜಾತಕ ಓದೋಣ

ನವೆಂಬರ್ ಒಂದು ಬಂತೆಂದರೆ ನಮ್ಮ ನಾಡಿನಲ್ಲಿ ಎರಡು ಹಬ್ಬ. ಅತ್ತ ಕೇರಳ ಪಿರವಿ, ಇತ್ತ ಕನ್ನಡ ರಾಜ್ಯೋತ್ಸವ. ಎರಡರ ನಡುವೆ ನಿಂತ ಕಾಸರಗೋಡಿನ ಕನ್ನಡಿಗ ಭಾಷಣ ಕೇಳಿ, ಚಪ್ಪಾಳೆ ತಟ್ಟಿ, ಕೊನೆಗೊಂದು ಮನವಿಗೆ ಸಹಿ ಹಾಕಿ ಮನೆಗೆ ಹೋಗುತ್ತಾನೆ. ಆ ಮನವಿಯಲ್ಲಿ ‘ಸಂವಿಧಾನದತ್ತ ಹಕ್ಕು’ ಎಂಬ ಮಾತು ಇದ್ದೇ ಇರುತ್ತದೆ. ಯಾವ ವಿಧಿ, ಅದರಲ್ಲಿ ಏನಿದೆ, ಅದು ಹೇಗೆ ಹುಟ್ಟಿತು ಎಂದು ಕೇಳಿದರೆ ಬರೆದವರೇ ಮುಖ ಮುಖ ನೋಡುತ್ತಾರೆ. ಖಾತೆ ಸಂಖ್ಯೆ ಇಲ್ಲದ ಚಲನ್ ಕೌಂಟರಿಗೆ ಬಂದರೆ ನಾನು ಹಿಂದೆ ಕೊಡುತ್ತೇನೆ. ಸರಕಾರವೂ ನಮ್ಮ ಮನವಿಗೆ ಅದನ್ನೇ ಮಾಡುತ್ತಿದೆ.

1956ರಲ್ಲಿ ಸಂಸತ್ತು ನಮ್ಮ ಹಣೆಬರಹಕ್ಕೆ ಸಂಬಂಧಿಸಿದ ಎರಡು ಕಾನೂನು ಮಾಡಿತು. ಒಂದು, ರಾಜ್ಯ ಪುನರ್ವಿಂಗಡಣಾ ಕಾಯಿದೆ. ಅದರ 5ನೇ ಕಲಮು ಕಾಸರಗೋಡು ತಾಲೂಕನ್ನು ಕೇರಳಕ್ಕೆ ಕೊಟ್ಟಿತು. ಇನ್ನೊಂದು, ಸಂವಿಧಾನದ ಏಳನೇ ತಿದ್ದುಪಡಿ. ಅದು 350-ಎ ಮತ್ತು 350-ಬಿ ವಿಧಿಗಳನ್ನು ಸೇರಿಸಿತು. ಎರಡೂ ಜಾರಿಗೆ ಬಂದದ್ದು ಒಂದೇ ದಿನ, ನವೆಂಬರ್ 1. ಗಾಯ ಮಾಡಿದ ದಿನವೇ ಮದ್ದಿನ ಚೀಟಿಯನ್ನೂ ಕೊಟ್ಟಿದ್ದರು. ಗಾಯ ನಮಗೆ ನೆನಪಿದೆ, ಚೀಟಿಯನ್ನು ಓದಿದವರು ಕಡಿಮೆ.

ಓದಹೊರಟವರಿಗೆ ಮೊದಲ ತೊಡಕು ಹೆಸರಿನದು. ಏಳನೇ ತಿದ್ದುಪಡಿಯ ಮಸೂದೆಯನ್ನು ಅದೇ ಹೆಸರಿನಲ್ಲಿ ಹುಡುಕಿದರೆ ಸಿಗದು. ಸಂಸತ್ತಿಗೆ ಅದು ಬಂದದ್ದು ಒಂಬತ್ತನೇ ತಿದ್ದುಪಡಿ ಮಸೂದೆಯಾಗಿ. ಅದರ ಹಿಂದೆ ಫಜಲ್ ಅಲಿ ಆಯೋಗದ 1955ರ ವರದಿ ಇದೆ. ಆ ವರದಿಯ ಹಿಂದೆ 1949ರ ಪ್ರಾಂತೀಯ ಶಿಕ್ಷಣ ಸಚಿವರ ಸಮ್ಮೇಳನದ ನಿರ್ಣಯ ಇದೆ. ಕೊನೆಗೆ 1956ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಸಂಸತ್ತಿನ ಮುಂದಿಟ್ಟ ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ಜ್ಞಾಪನಪತ್ರ ಇದೆ. ಇವನ್ನು ಓದಲು ಇಂದು ದೆಹಲಿಗೆ ಹೋಗಬೇಕಾಗಿಲ್ಲ. ಸಂಸತ್ತಿನ ಹಳೆಯ ಚರ್ಚೆಗಳು ಅದರ ಡಿಜಿಟಲ್ ಗ್ರಂಥಾಲಯದಲ್ಲಿವೆ.

ಓದಿದರೆ ಸಿಗುವುದೇನು? 1949ರ ನಿರ್ಣಯ ಹೇಳುತ್ತದೆ: ಒಂದು ತರಗತಿಯಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಕಲಿಸಲು ಕನಿಷ್ಠ ಒಬ್ಬ ಅಧ್ಯಾಪಕರನ್ನು ನೇಮಿಸಬೇಕು. ಮಾತೃಭಾಷೆ ಯಾವುದೆಂದು ಹೇಳುವವರು ಹೆತ್ತವರು ಅಥವಾ ಪೋಷಕರು. ಈ ಎರಡನೆಯ ಮಾತು ನಮಗೆ ಬಂಗಾರ. ನಮ್ಮ ಮನೆಗಳಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ ಎಲ್ಲ ಇವೆ, ಓದುಬರಹ ಮಾತ್ರ ಕನ್ನಡ. ‘ನಿಮ್ಮ ಮನೆಮಾತು ತುಳು, ನಿಮಗೆ ಕನ್ನಡ ಏಕೆ?’ ಎಂದು ಕೇಳುವವರಿಗೆ ಇದಕ್ಕಿಂತ ನೇರ ಉತ್ತರ ಬೇಕೆ? ಮಾತೃಭಾಷೆಯನ್ನು ನಿರ್ಧರಿಸುವವರು ಹೆತ್ತವರೇ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರಲ್ಲಿ ಸಾರಿತು. ಕನ್ನಡ ಮಾಧ್ಯಮ ಕಡ್ಡಾಯ ಮಾಡಹೊರಟ ಕರ್ನಾಟಕ ಸರಕಾರ ಸೋತದ್ದು ಆ ಮೊಕದ್ದಮೆಯಲ್ಲೇ. ಬೆಂಗಳೂರಿಗೆ ಸೋಲಾದ ಮಾತು ಕಾಸರಗೋಡಿಗೆ ಬಲವಾಗಬಲ್ಲದು ಎಂಬುದನ್ನು ನಮ್ಮ ನಾಯಕರು ಗಮನಿಸಿದ್ದಾರೆಯೇ?

ಇನ್ನೂ ಇದೆ. 350-ಎ ವಿಧಿ ಪ್ರಾಥಮಿಕ ಹಂತದ ಹೊಣೆಯನ್ನು ರಾಜ್ಯದ ಜೊತೆಗೆ ‘ಪ್ರತಿಯೊಂದು ಸ್ಥಳೀಯ ಪ್ರಾಧಿಕಾರ’ದ ಮೇಲೂ ಹೊರಿಸುತ್ತದೆ. ಅಂದರೆ ನಾವೇ ಮತ ಹಾಕಿದ ಪಂಚಾಯತಿನ ಮೇಲೆ. ನಿರ್ದೇಶನ ಕೊಡುವ ಅಧಿಕಾರ ರಾಷ್ಟ್ರಪತಿಗಳದು. ನಾವೋ ಮನವಿ ಹೊತ್ತು ಬೆಂಗಳೂರಿಗೆ ಓಡುತ್ತೇವೆ! ಈ ವಿಧಿಯಡಿ ಕೇರಳದ ಶಾಲೆಯ ಬಗ್ಗೆ ಅಲ್ಲಿನವರಿಗೆ ಯಾವ ಅಧಿಕಾರವೂ ಇಲ್ಲ, ಶಾಲು ಹೊದಿಸಿ ಕಳುಹಿಸುತ್ತಾರೆ. ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದ 1967ರ ಮಹಾಜನ ವರದಿಯನ್ನು ಕಾನೂನಿನಂತೆ ಎತ್ತಿ ತೋರಿಸುತ್ತೇವೆ. ಅದು ಶಿಫಾರಸು. ಗಡಿ ಬದಲಿಸುವುದು ಸಂಸತ್ತಿಗೆ ಮಾತ್ರ ಸಾಧ್ಯ. ವರದಿಯನ್ನು ಮರೆಯಿರಿ ಎನ್ನುವುದಿಲ್ಲ. ಅದನ್ನು ಕಾಯುತ್ತ ಕೂತಾಗ ಕೈಯಲ್ಲಿದ್ದ ಕಾನೂನು ತುಕ್ಕು ಹಿಡಿಯಿತು ಎನ್ನುತ್ತೇನೆ.

ಈ ಕಾನೂನಿನ ದೌರ್ಬಲ್ಯವೂ ಅದರ ಚರಿತ್ರೆಯಲ್ಲೇ ಇದೆ. ವಿಧಿಯ ಮಾತು ಸೌಲಭ್ಯ ಒದಗಿಸಲು ‘ಪ್ರಯತ್ನಿಸತಕ್ಕದ್ದು’ ಎಂಬಷ್ಟೇ. ರಕ್ಷಣೆಯ ಉಸ್ತುವಾರಿಗೆ ರಾಜ್ಯಪಾಲರನ್ನು ಬಳಸಬೇಕೆಂದು ಆಯೋಗ ಹೇಳಿತ್ತು. ಸರಕಾರ ಅದನ್ನು ಒಪ್ಪದೆ, ವರದಿ ಬರೆಯುವ ವಿಶೇಷಾಧಿಕಾರಿಯನ್ನು 350-ಬಿಯಲ್ಲಿ ಕೊಟ್ಟಿತು. ಹಲ್ಲು ಕಡಿಮೆಯಾದದ್ದು ಎಲ್ಲಿ ಎಂದು ತಿಳಿದರೆ ತಾನೇ ಹಲ್ಲು ಕೇಳಬಹುದು?

‘ಹಳೆಯ ಕಾಗದ ಓದಿದರೆ ಕನ್ನಡ ಬಲ್ಲ ಅಧ್ಯಾಪಕರು ಬರುತ್ತಾರೆಯೇ?’ ಎಂದು ಕೇಳುವವರಿದ್ದಾರೆ. ಓದಿದ ಮಾತ್ರಕ್ಕೆ ಬರುವುದಿಲ್ಲ. ಓದದೆ ಬರೆದ ಮನವಿಗಳಿಂದ ಬಂದರೆ? 2017ರಲ್ಲಿ ಮಲಯಾಳ ಕಡ್ಡಾಯವಾದಾಗ ಕಾಸರಗೋಡಿನ ಬೀದಿ ತುಂಬಿತು, ಒಳ್ಳೆಯದೇ ಆಯಿತು. ಆದರೆ ಬೀದಿಯ ಕೂಗು ಸಂಜೆಗೆ ಮುಗಿಯುತ್ತದೆ, ಕಡತದ ಮಾತು ಉಳಿಯುತ್ತದೆ.

ಮಲಯಾಳ ಬಾಂಧವರೂ ಇದನ್ನು ಓದಲಿ. ಇದೇ ವಿಧಿ ಕರ್ನಾಟಕದಲ್ಲಿರುವ ನಿಮ್ಮ ಮಕ್ಕಳಿಗೂ ಅನ್ವಯಿಸುತ್ತದೆ, ಇದರಲ್ಲಿ ನಾವು ಎದುರಾಳಿಗಳಲ್ಲ.

ಕೊನೆಯ ಮಾತು ನಮ್ಮ ಮನೆಯವರಿಗೇ. ಮಾತೃಭಾಷೆಯನ್ನು ಹೇಳುವ ಹಕ್ಕು ಹೆತ್ತವರದೆಂದು ಕಾನೂನು ಹೇಳಿದಾಗ ಆ ಹೊಣೆಯೂ ಅವರದೇ. ರಾಜ್ಯೋತ್ಸವದ ವೇದಿಕೆಯಲ್ಲಿ ಕನ್ನಡ, ಜೂನ್ ತಿಂಗಳ ಶಾಲಾ ಅರ್ಜಿಯಲ್ಲಿ ಬೇರೆ ಎಂದಾದರೆ ಹತ್ತು ಮಕ್ಕಳ ಲೆಕ್ಕ ಎಲ್ಲಿ ತುಂಬೀತು? ಆ ಅರ್ಜಿಯ ಒಂದು ಗೆರೆಯಲ್ಲಿ ‘ಕನ್ನಡ’ ಎಂದು ಬರೆಯಿರಿ. ಆಮೇಲೆ ಮನವಿ ಬರೆಯೋಣ, ವಿಧಿಯ ಸಂಖ್ಯೆ ಹಾಕಿ.